ಮಗು ಶಾಲೆಯೊಳಗೆ, ಮನಸ್ಸು ಗೇಟಿನ ಬಳಿ

ಕರ್ನಾಟಕದಲ್ಲಿ ಪುಟ್ಟ ಮಕ್ಕಳು ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿ ಮೇ ಕೊನೆಯಲ್ಲಿ ಇಲ್ಲವೇ ಜೂನ್ ಮೊದಲಲ್ಲಿ. ಬೆಂಗಳೂರಿನ ಉತ್ತರ ಭಾಗದಲ್ಲಿ, ಅಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆ, ಈ ಪ್ರವೇಶ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಎರಡೂವರೆ ವರ್ಷಕ್ಕೆ ಪ್ಲೇಹೋಂ, ಮೂರಕ್ಕೆ ಅಂಗನವಾಡಿ ಅಥವಾ ನರ್ಸರಿ, ನಾಲ್ಕಕ್ಕೆ ಎಲ್‌ಕೆಜಿ, ಆರಕ್ಕೆ ಒಂದನೇ ತರಗತಿ ಹೀಗೆ ಅದು ಹಲವು ಕಂತುಗಳಲ್ಲಿ ನಡೆಯುತ್ತದೆ. ಕಟ್ಟಡ, ಟೀಚರ್, ಜೊತೆಗಾರರು ಬದಲಾದಾಗಲೆಲ್ಲ ಮಗುವಿಗೂ ಮನೆಯವರಿಗೂ ಅದು ಮತ್ತೊಂದು ಮೊದಲ ದಿನವೇ.

ಹಿಂದಿನ ಪದ್ಧತಿ ಬೇರೆಯಿತ್ತು. ಹಳೆಯ ಊರ ಶಾಲೆಗಳಾದ ಕೂಲಿಮಠಗಳ ಕಾಲದಲ್ಲಿ ಮಗು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿತ್ತು. ವಿಜಯದಶಮಿಯಂದು ತಟ್ಟೆಯಲ್ಲಿ ಅಕ್ಕಿ ಹರಡಿ, ಹಿರಿಯರು ಮಗುವಿನ ಕೈ ಹಿಡಿದು ಮೊದಲ ಅಕ್ಷರ ಬರೆಸುವ ಅಕ್ಷರಾಭ್ಯಾಸ ಇಂದಿಗೂ ಉಳಿದಿದೆ. ಶೃಂಗೇರಿಯ ಶಾರದಾಂಬೆಯ ಸನ್ನಿಧಿಗೆ ಅದಕ್ಕಾಗಿಯೇ ಮಕ್ಕಳನ್ನು ಕರೆದೊಯ್ಯುವವರಿದ್ದಾರೆ. ಈ ಶಾಸ್ತ್ರದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಮಗು ಮೊದಲ ಅಕ್ಷರ ಬರೆಯುವುದು ತನ್ನವರ ತೊಡೆಯ ಮೇಲೆ ಕುಳಿತು. ಶಾಲೆಗೆ ಹೋಗುವಾಗಲೂ ಅಕ್ಕನೋ ಅಣ್ಣನೋ ಪಕ್ಕದ ಮನೆಯ ಹುಡುಗನೋ ಜೊತೆಗಿರುತ್ತಿದ್ದರು. ಇಂದು ನಗರದ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಒಂಟಿ ಮಗುವಿಗೆ ಆ ಜೊತೆ ಸಿಗುವುದು ಅಪರೂಪ. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಗು ಮೊದಲಿಗಿಂತ ಬೇಗ, ಮೊದಲಿಗಿಂತ ಒಂಟಿಯಾಗಿ ಹೊರಗೆ ಹೆಜ್ಜೆಯಿಡುತ್ತದೆ.

ಶಾಲೆಯ ಬಾಗಿಲಲ್ಲಿ ಮಗು ಅಳುವುದೇಕೆ? ಮಗುವಿಗೆ ಸುಮಾರು ಎಂಟು ತಿಂಗಳಾದಾಗ ತನ್ನವರು ಯಾರು, ಹೊರಗಿನವರು ಯಾರು ಎಂಬುದು ಸ್ಪಷ್ಟವಾಗುತ್ತದೆ. ಅಗಲಿಕೆಯ ಭಯವೂ ಆಗಲೇ ಶುರು. ಒಂದರಿಂದ ಒಂದೂವರೆ ವರ್ಷದ ಆಸುಪಾಸಿನಲ್ಲಿ ಅದು ತೀವ್ರವಾಗಿದ್ದು, ಮೂರು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಸಡಿಲವಾಗುತ್ತ ಬರುತ್ತದೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರೊಂದಿಗೆ ಕೆಲಸ ಮಾಡಿದ ಮೇರಿ ಏನ್ಸ್‌ವರ್ತ್ ಇಪ್ಪತ್ತನೇ ಶತಮಾನದ ನಡುವೆ ಈ ಬಾಂಧವ್ಯವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಅವರ ಪ್ರಕಾರ, ತಾಯಿಯನ್ನೋ ಸಾಕಿದವರನ್ನೋ ಬಿಟ್ಟಿರಲಾಗದೆ ಮಗು ಅಳುವುದು ಮೊಂಡುತನವಲ್ಲ. ಅದು ಬಾಂಧವ್ಯದ ಸಹಜ ಭಾಗ. ನಂಬಿಕೆಯ ಆಸರೆ ಗಟ್ಟಿಯಾಗಿರುವ ಮಗು ಆ ಆಸರೆಯಿಂದಲೇ ಧೈರ್ಯ ಪಡೆದು ಹೊಸ ಜಾಗವನ್ನು ನೋಡಲು ಹೊರಡುತ್ತದೆ.

ಇದರ ಜೊತೆಗೆ ಕಾಲದ ಲೆಕ್ಕದ ತೊಡಕೂ ಇದೆ. ‘ಹನ್ನೆರಡು ಗಂಟೆಗೆ ಬರ್ತೀನಿ ಪುಟ್ಟಾ’ ಎಂಬ ಮಾತು ಮೂರು ವರ್ಷದ ಮಗುವಿಗೆ ಏನನ್ನೂ ತಿಳಿಸುವುದಿಲ್ಲ. ‘ಡಬ್ಬಿಯಲ್ಲಿರೋದು ತಿಂದು, ಆಟ ಆಡಿ, ಮಿಸ್ ಕಥೆ ಹೇಳಿದ ಮೇಲೆ ಅಮ್ಮ ಬರ್ತಾಳೆ’ ಎಂದರೆ ತಿಳಿಯುತ್ತದೆ. ಏಕೆಂದರೆ ಅದರ ದಿನ ಸಾಗುವುದು ಗಡಿಯಾರದ ಮೇಲಲ್ಲ, ಒಂದಾದ ಮೇಲೊಂದು ನಡೆಯುವ ಕೆಲಸಗಳ ಮೇಲೆ.

ಅಳು ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಕಾಣಿಸಿಕೊಳ್ಳುವುದಿಲ್ಲ. ಕೆಲವರು ಮೊದಲ ದಿನ ನಗುತ್ತ ಟಾಟಾ ಮಾಡಿ, ಇದು ಪ್ರತಿದಿನದ ಕಥೆ ಎಂದು ಅರಿವಾದ ಮೂರನೇ ದಿನ ಬಾಗಿಲು ಹಿಡಿದು ನಿಲ್ಲುತ್ತಾರೆ. ಭಾನುವಾರದ ರಜೆ ಕಳೆದ ಸೋಮವಾರ ಹಲವರಿಗೆ ಕಷ್ಟ. ಇನ್ನು ಕೆಲವರು ಅಳುವುದೇ ಇಲ್ಲ. ಶಾಲೆಯಲ್ಲಿ ತಿನ್ನದೆ, ಮಾತಾಡದೆ ಕುಳಿತು, ಮನೆಗೆ ಬಂದ ಕೂಡಲೇ ಸಣ್ಣ ಕಾರಣಕ್ಕೆ ರಂಪ ಮಾಡುತ್ತಾರೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದೂ ಉಂಟು. ಅಳದ ಮಗುವನ್ನು ‘ಜಾಣ’ ಎಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಹೆಚ್ಚು ಗಮನ ಬೇಕಾಗಿರುವುದು ಎಷ್ಟೋ ಸಲ ಆ ಮಗುವಿಗೇ.

ಗೇಟಿನ ಹೊರಗೆ ನಿಂತವರ ಸ್ಥಿತಿಯೂ ಸಣ್ಣದಲ್ಲ. ಹುಟ್ಟಿದಂದಿನಿಂದ ತನ್ನ ಕಣ್ಣಳತೆಯಲ್ಲಿದ್ದ ಮಗು ಈಗ ಏನು ಮಾಡುತ್ತಿದೆಯೋ ತಿಳಿಯದ ಮೂರು ನಾಲ್ಕು ಗಂಟೆಗಳು ತಾಯಿಗೆ ಹೊಸವು. ತಿಂದಿತೋ ಇಲ್ಲವೋ, ಬಾತ್‌ರೂಮಿಗೆ ಹೋಗಬೇಕೆಂದು ಕೇಳಿತೋ ಇಲ್ಲವೋ, ಯಾರಾದರೂ ತಳ್ಳಿದರೋ ಎಂಬ ಚಿಂತೆ ಬಿಡುವುದಿಲ್ಲ. ಮನೆಯಲ್ಲಿ ಕೆಲಸ ಸರಾಗವಾಗಿ ಮುಗಿದಾಗ ಒಂದು ನಿರಾಳ, ಆ ನಿರಾಳಕ್ಕೆ ತನ್ನ ಮೇಲೇ ಸಣ್ಣ ಬೇಸರ. ಕೆಲಸಕ್ಕೆ ಹೋಗುವ ತಾಯಿಗೆ ‘ಇಷ್ಟು ಬೇಗ ಸೇರಿಸಬೇಕಿತ್ತಾ?’ ಎಂದು ಸಂಬಂಧಿಕರು ಕೇಳುವ ಮಾತು ಚುಚ್ಚುತ್ತದೆ. ಮನೆಯಲ್ಲಿರುವ ತಾಯಿಗೂ ‘ಮನೇಲೇ ಇದ್ದೀಯಲ್ಲ, ಇಷ್ಟು ಬೇಗ ಯಾಕೆ?’ ಎಂಬ ಪ್ರಶ್ನೆ ತಪ್ಪದು. ಎರಡೂ ಪ್ರಶ್ನೆಗಳು ತಾಯಿಯನ್ನೇ ಗುರಿ ಮಾಡುವುದು ಅನ್ಯಾಯ. ತಂದೆಯರು ಕಡಿಮೆ ಮಾತಾಡುತ್ತಾರೆ, ಆದರೆ ಆಫೀಸಿನಿಂದ ಹನ್ನೊಂದು ಗಂಟೆಯ ಹೊತ್ತಿಗೆ ‘ಹೇಗಿದಾನೆ?’ ಎಂದು ಫೋನ್ ಬರುತ್ತದೆ. ಮೂರು ವರ್ಷ ಮೊಮ್ಮಗುವನ್ನು ನೋಡಿಕೊಂಡ ಅಜ್ಜ ಅಜ್ಜಿಯರ ಬೇಸರವನ್ನಂತೂ ಯಾರೂ ವಿಚಾರಿಸುವುದಿಲ್ಲ; ಅವರ ಇಡೀ ದಿನದ ಕೆಲಸವೇ ಅರ್ಧಕ್ಕೆ ನಿಂತಿರುತ್ತದೆ.

ಒಂದೆರಡು ವಾರ ಕಳೆದ ಮೇಲೆ ಬೇರೊಂದು ಭಾವನೆ ಮೂಡುತ್ತದೆ. ಮಗು ಮನೆಗೆ ಬಂದು, ‘ಹಾಗಲ್ಲ, ನಮ್ಮ ಮಿಸ್ ಹೀಗೆ ಹೇಳಿದ್ದಾರೆ’ ಎಂದು ತಿದ್ದುತ್ತದೆ. ಅದರ ಲೋಕದಲ್ಲಿ ಅಪ್ಪ ಅಮ್ಮನಷ್ಟೇ ತೂಕದ ಮತ್ತೊಬ್ಬರು ಬಂದಿದ್ದಾರೆ. ಒಳಗೊಳಗೇ ಆಗುವ ಈ ಸಣ್ಣ ಅಸೂಯೆಗೆ ನಾಚಬೇಕಿಲ್ಲ. ಮಗು ಶಾಲೆಯಲ್ಲಿ ನೆಲೆಯೂರಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇರೆಯಿಲ್ಲ.

ಬೀಳ್ಕೊಡುವ ಕ್ರಮದಿಂದ ಬಹಳಷ್ಟು ಸುಧಾರಿಸುತ್ತದೆ. ಮಗು ಆಟಿಕೆ ನೋಡುತ್ತಿರುವಾಗ ಹಿಂದಿನಿಂದ ಮೆಲ್ಲನೆ ಜಾರಿಕೊಳ್ಳುವುದು ನಮ್ಮಲ್ಲಿ ತೀರ ಸಾಮಾನ್ಯ ಉಪಾಯ, ಮತ್ತು ಅತಿ ಹೆಚ್ಚು ಹಾನಿ ಮಾಡುವ ಉಪಾಯವೂ ಅದೇ. ತಿರುಗಿ ನೋಡಿದಾಗ ಅಮ್ಮ ಇಲ್ಲವೆಂದಾದರೆ, ಮರುದಿನದಿಂದ ಮಗು ಆಟಿಕೆಯ ಕಡೆಗೆ ನೋಡುವುದನ್ನೇ ಬಿಡುತ್ತದೆ. ಹೇಳಿಯೇ ಹೋಗಬೇಕು, ಚಿಕ್ಕದಾಗಿ ಹೇಳಬೇಕು, ಹೇಳಿದ ಮೇಲೆ ಹೋಗಲೇಬೇಕು. ಅಪ್ಪುಗೆ, ಒಂದು ಮುತ್ತು, ದಿನಾ ಅದೇ ಮಾತು ಸಾಕು. ಬಾಗಿಲಲ್ಲಿ ಅರ್ಧ ಗಂಟೆ ನಿಂತು ಕಣ್ಣೊರೆಸುವ ತಾಯಿಯ ಮುಖ ನೋಡಿದ ಮಗು ಈ ಜಾಗ ನಿಜಕ್ಕೂ ಭಯದ್ದೇ ಎಂದು ತಿಳಿಯುತ್ತದೆ. ಮನೆಯವರು ಮರೆಯಾದ ಕೆಲ ನಿಮಿಷಗಳಲ್ಲಿ ಬಹಳ ಮಕ್ಕಳ ಅಳು ನಿಲ್ಲುತ್ತದೆ ಎಂಬುದು ಟೀಚರುಗಳಿಗೂ ಆಯಾಗಳಿಗೂ ನಿತ್ಯದ ಅನುಭವ. ಕರೆದೊಯ್ಯಲು ತಡವಾಗಿ ಬರುವುದನ್ನು ಮೊದಲ ತಿಂಗಳಾದರೂ ಹೇಗಾದರೂ ತಪ್ಪಿಸಬೇಕು. ‘ಸುಮ್ನಿರದಿದ್ರೆ ಮಿಸ್‌ಗೆ ಹೇಳ್ತೀನಿ’ ಎಂಬ ಬೆದರಿಕೆ ಶಾಲೆ ಸೇರುವ ಮೊದಲೇ ಮನೆಯಿಂದ ಹೊರಟುಹೋಗಬೇಕು.

ಉತ್ತರ ಬೆಂಗಳೂರಿನ ಮಗುವಿಗೆ ಈ ಹೊಸತನದ ಜೊತೆ ಎರಡು ಹೆಚ್ಚುವರಿ ಭಾರಗಳಿವೆ: ದೂರ ಮತ್ತು ಭಾಷೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಆಚೀಚೆ ಬಡಾವಣೆಗಳೂ ಅವುಗಳ ಜೊತೆಗೇ ಖಾಸಗಿ ಶಾಲೆಗಳೂ ವೇಗವಾಗಿ ಬೆಳೆದವು. ಹೆಸರುವಾಸಿ ಶಾಲೆಗಾಗಿ ಹೆಬ್ಬಾಳದ ಮೇಲ್ಸೇತುವೆ ದಾಟಿ ಹೋಗಬೇಕಾದ ಮಗು ಮುಂಜಾನೆಯ ಟ್ರಾಫಿಕ್ಕಿನಲ್ಲಿ ವ್ಯಾನಿನೊಳಗೆ ತೂಕಡಿಸುತ್ತದೆ. ನಾಲ್ಕು ವರ್ಷದ ಮಗುವಿಗೆ ನಡೆದುಹೋಗುವಷ್ಟು ಹತ್ತಿರದ ಶಾಲೆ, ದೂರದ ದೊಡ್ಡ ಶಾಲೆಗಿಂತ ಹೆಚ್ಚು ಒಳ್ಳೆಯದನ್ನು ಮಾಡುತ್ತದೆ. ದಾರಿ ಪರಿಚಿತ, ಜೊತೆಗಾರರು ಅದೇ ಬೀದಿಯವರು, ಹುಷಾರಿಲ್ಲದಾಗ ಮನೆಯವರು ಹತ್ತು ನಿಮಿಷದಲ್ಲಿ ತಲುಪಬಹುದು. ಹತ್ತು ವರ್ಷದ ಮಗುವಿಗಾಗಿ ಮಾಡುವ ಲೆಕ್ಕವನ್ನು ನಾಲ್ಕರ ಮಗುವಿಗೆ ಹಾಕಬಾರದು.

ಭಾಷೆಯ ಮಾತು ಇನ್ನೂ ಸೂಕ್ಷ್ಮ. ಯಲಹಂಕದ ಕಡೆ ಕನ್ನಡದ ಜೊತೆ ತೆಲುಗು, ಆರ್.ಟಿ. ನಗರದಲ್ಲಿ ಉರ್ದು, ಎಲ್ಲೆಡೆ ತಮಿಳು, ಹಿಂದಿ ಆಡುವ ಮನೆಗಳಿವೆ. ಮಗುವಿಗೆ ಯಾವ ಮಾಧ್ಯಮ ಎಂಬುದನ್ನು ತಂದೆ ತಾಯಿ ಆರಿಸಬಹುದೆಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಕರ್ನಾಟಕದ ಮೊಕದ್ದಮೆಯಲ್ಲೇ ತೀರ್ಪು ಕೊಟ್ಟಿದೆ. ಆದರೆ ಆಯ್ಕೆ ಯಾವುದೇ ಇರಲಿ, ಹಸಿವು, ನೋವು, ಭಯ ಹೇಳಿಕೊಳ್ಳಲು ಪುಟ್ಟ ಮಗುವಿಗೆ ಮನೆಮಾತೇ ಬೇಕು. ಒಂದಕ್ಕೆ ಹೋಗಬೇಕೆಂದು ಹೇಳಲು ಮಾತು ಬಾರದೆ ಬಟ್ಟೆ ಒದ್ದೆ ಮಾಡಿಕೊಂಡ ಮಗು ಅವಮಾನವನ್ನು ಬಹಳ ದಿನ ಮರೆಯುವುದಿಲ್ಲ. ಮಗು ಮನೆಯಲ್ಲಿ ಬಳಸುವ ಅಂಥ ಹತ್ತಾರು ಮಾತುಗಳನ್ನು ಟೀಚರಿಗೂ ಆಯಾಗೂ ಮೊದಲ ದಿನವೇ ತಿಳಿಸುವುದು ದುಬಾರಿ ಬ್ಯಾಗಿಗಿಂತ ಉಪಯುಕ್ತ.

ಸೇರಿಸುವ ವಯಸ್ಸಿನ ವಿಷಯದಲ್ಲಿ ಈಚೆಗೆ ರಾಜ್ಯದಲ್ಲಿ ಸಾಕಷ್ಟು ಗೊಂದಲವಾಯಿತು. ಮೊದಲು ಐದು ವರ್ಷ ಐದು ತಿಂಗಳಿಗೆ ಒಂದನೇ ತರಗತಿಗೆ ಸೇರಬಹುದಿತ್ತು. ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಪೋಷಕರ ಒತ್ತಾಯದಿಂದ ಅದರ ಜಾರಿಯನ್ನು 2025-26ಕ್ಕೆ ಮುಂದೂಡಿತು. ಆ ವರ್ಷಕ್ಕೂ ಒಂದು ಬಾರಿಯ ಸಡಿಲಿಕೆ ಕೊಟ್ಟು ಹಳೆಯ ಮಿತಿಯನ್ನೇ ಉಳಿಸಿತು. ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು ವರ್ಷ ಎಂಬುದು ಆರು ವರ್ಷದ ನಿಯಮಕ್ಕೆ ಹೊಂದಿಕೊಂಡ ಲೆಕ್ಕ. ಜೂನ್ ನಂತರ ಹುಟ್ಟಿದ ಮಕ್ಕಳ ಪೋಷಕರಿಗೆ ‘ಒಂದು ವರ್ಷ ಹಾಳಾಯಿತು’ ಎಂಬ ಕೊರಗು. ಪೆನ್ಸಿಲ್ ಹಿಡಿಯುವ ಬೆರಳ ಸ್ನಾಯುಗಳು, ಒಂದೆಡೆ ಕೂರುವ ತಾಳ್ಮೆ, ಸರದಿ ಕಾಯುವ ಗುಣ ಇವೆಲ್ಲ ಐದರಿಂದ ಆರರ ನಡುವೆ ಬಲಿಯುತ್ತವೆ ಎಂಬುದನ್ನು ನೆನೆದರೆ ಆ ವರ್ಷ ಹಾಳಾಗುವುದಿಲ್ಲ, ಮಗುವಿನ ಖಾತೆಗೇ ಜಮೆಯಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿ, ಆಟದ ಮೂಲಕ ಕಲಿಕೆಗೆ ಒತ್ತು ಕೊಟ್ಟಿರುವುದೂ ಇದೇ ತಿಳಿವಿನಿಂದ.

ಹಾಗಿದ್ದೂ ಪ್ರವೇಶದ ಆತಂಕ ಮಗುವಿನ ಮೊದಲ ದಿನಕ್ಕಿಂತ ತಿಂಗಳುಗಟ್ಟಲೆ ಮುಂಚೆಯೇ ಮನೆಗೆ ಬಂದಿರುತ್ತದೆ. ಜೂನ್‌ನಲ್ಲಿ ಆರಂಭವಾಗುವ ತರಗತಿಗೆ ಹಲವು ಖಾಸಗಿ ಶಾಲೆಗಳು ಹಿಂದಿನ ವರ್ಷವೇ ಅರ್ಜಿ ಕೊಡುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಶಾಲೆಗೆ ಸೇರಿಸಿಕೊಳ್ಳುವಾಗ ಡೊನೇಷನ್ ಪಡೆಯುವುದನ್ನೂ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಡ್ಡುವುದನ್ನೂ ನಿಷೇಧಿಸುತ್ತದೆ. ಸಂದರ್ಶನದ ಭಯದಲ್ಲಿ ಮೂರು ವರ್ಷದ ಕಂದನಿಗೆ ಬಣ್ಣ, ಹಣ್ಣಿನ ಹೆಸರುಗಳನ್ನು ಉರು ಹೊಡೆಸುವ ಪೋಷಕರು ಈ ಸೆಕ್ಷನ್ ತಿಳಿದಿರಬೇಕು.

ಎಲ್ಲ ಮನೆಗಳಿಗೂ ಈ ಆಯ್ಕೆಗಳಿಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನ ಹಮಾಲರಿಗೆ, ರಾಯಚೂರು ಯಾದಗಿರಿಯಿಂದ ಬಂದು ಯಲಹಂಕದ ಸುತ್ತ ಕಟ್ಟಡ ಕೆಲಸ ಮಾಡುವವರಿಗೆ ಗೇಟಿನ ಬಳಿ ನಿಲ್ಲುವಷ್ಟೂ ಪುರುಸೊತ್ತಿಲ್ಲ. ತಡವಾದರೆ ಆ ದಿನದ ಕೂಲಿ ಹೋಗುತ್ತದೆ. ಹಾಗೆಂದು ಅವರ ಕರುಳು ಬೇರೆಯದಲ್ಲ. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಟ್ಟಡ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಉಳಿದಂತೆ ಈ ಮಕ್ಕಳ ಮೊದಲ ಶಾಲೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಈ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂಗನವಾಡಿಯ ದೊಡ್ಡ ಗುಣ ಅದು ಮನೆಗೆ ಹತ್ತಿರವಿರುವುದು. ಅಲ್ಲಿನ ಕಾರ್ಯಕರ್ತೆಯನ್ನು ಮಗು ಲಸಿಕೆಯ ದಿನದಿಂದಲೇ ನೋಡಿರುತ್ತದೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಅಲ್ಲೂ ಸರ್ಕಾರಿ ಶಾಲೆಯಲ್ಲೂ ಸಿಗುತ್ತದೆ.

ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಬರುವ ಮಗುವನ್ನು ‘ಪ್ರಾರಂಭೋತ್ಸವ’ದ ತೋರಣ, ಹೂವು, ಸಿಹಿ ಎದುರುಗೊಳ್ಳುತ್ತವೆ. ಒಳಗೆ ಕಾದಿರುವುದು ನಲಿ-ಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಸಾಲು ಬೆಂಚುಗಳಿಲ್ಲ, ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಮಕ್ಕಳು ನೆಲದ ಮೇಲೆ ಸುತ್ತ ಕೂರುತ್ತಾರೆ, ಹಾಡು, ಕಾರ್ಡು, ಆಟಗಳ ಮೂಲಕ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವುದರಿಂದ ಹೊಸ ಮಗುವಿನ ಪಕ್ಕದಲ್ಲಿ ಸ್ವಲ್ಪ ದೊಡ್ಡವರು ಇದ್ದೇ ಇರುತ್ತಾರೆ. ನಗರದ ಪೋಷಕರು ಹೊರಗಿನಿಂದ ನೋಡಿ ಇದನ್ನು ಗಲಾಟೆ ಎಂದುಕೊಳ್ಳುತ್ತಾರೆ. ಆದರೆ ಮನೆ ಬಿಟ್ಟು ಬಂದ ಎಳೆಯ ಮಗುವಿಗೆ ಅದರಷ್ಟು ಹೊಂದುವ ಕೋಣೆ ಕಡಿಮೆ. ಆರ್.ಟಿ. ನಗರಕ್ಕೆ ಹೆಸರು ಕೊಟ್ಟ ರವೀಂದ್ರನಾಥ ಟ್ಯಾಗೋರರು ಬಾಲ್ಯದಲ್ಲಿ ಶಾಲೆಯ ಗೋಡೆಗಳ ನಡುವೆ ಉಸಿರುಗಟ್ಟಿದವರು. 1901ರಲ್ಲಿ ಶಾಂತಿನಿಕೇತನದಲ್ಲಿ ತಾವೇ ಶಾಲೆ ತೆರೆದಾಗ ಮಕ್ಕಳನ್ನು ಮರದ ಕೆಳಗೆ ಕೂರಿಸಿದರು.

ಬರವಣಿಗೆಯ ಒತ್ತಡವೂ ಅಳುವಿಗೆ ಕಾರಣವಾಗುತ್ತದೆ. ಒಂದು, ಎರಡನೇ ತರಗತಿಯವರ ಬ್ಯಾಗು ಎರಡು ಕಿಲೋ ಮೀರಬಾರದು, ಅವರಿಗೆ ಹೋಂವರ್ಕ್ ಕೊಡಬಾರದು ಎಂದು ರಾಜ್ಯ ಸರ್ಕಾರ 2019ರಲ್ಲಿ ಸೂಚಿಸಿದೆ. ಎಲ್‌ಕೆಜಿ ಮಗು ಸಂಜೆ ಎರಡು ಪುಟ ತಿದ್ದುವಂತಾದರೆ, ಪೋಷಕರು ಟೀಚರ ಬಳಿ ವಿನಯದಿಂದಲೇ ಈ ಮಾತೆತ್ತಬಹುದು.

ಹೆಚ್ಚಿನ ಮಕ್ಕಳು ಎರಡು ಮೂರು ವಾರಗಳಲ್ಲಿ ಹೊಂದಿಕೊಳ್ಳುತ್ತಾರೆ. ಜ್ವರ ಬಂದು ಮನೆಯಲ್ಲಿ ಉಳಿದ ಮೇಲೆ, ತಮ್ಮನೋ ತಂಗಿಯೋ ಹುಟ್ಟಿದಾಗ, ದಸರಾ ರಜೆ ಮುಗಿದಾಗ ಅಳು ಮರಳಿ ಬಂದು ಕೆಲ ದಿನಗಳಲ್ಲಿ ಹೋಗುತ್ತದೆ. ಆದರೆ ನಾಲ್ಕು ವಾರ ಕಳೆದರೂ ಅಗಲಿಕೆಯ ಭಯ ಇಳಿಯದಿದ್ದರೆ, ಶಾಲೆಯ ದಿನ ಮಾತ್ರ ಬೆಳಿಗ್ಗೆ ಹೊಟ್ಟೆನೋವು ವಾಂತಿ ಕಾಣಿಸಿದರೆ, ಮಗು ನಿದ್ದೆ ಊಟ ಬಿಟ್ಟರೆ ಅಥವಾ ಆಡುತ್ತಿದ್ದ ಮಾತನ್ನೇ ನಿಲ್ಲಿಸಿದರೆ ಮೊದಲು ಶಾಲೆಯಲ್ಲಿ ಏನಾಗುತ್ತಿದೆ ಎಂದು ವಿಚಾರಿಸಬೇಕು, ಮಕ್ಕಳ ವೈದ್ಯರಿಗೆ ತೋರಿಸಬೇಕು. ನಿರ್ದಿಷ್ಟ ವ್ಯಕ್ತಿಯ ಅಥವಾ ವ್ಯಾನಿನ ಹೆಸರೆತ್ತಿದರೆ ಬೆಚ್ಚುವ ಮಗುವಿನ ಮಾತನ್ನು ಒಂದು ದಿನವೂ ತಳ್ಳಿಹಾಕಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಉಚಿತ ಸಲಹೆ ಪಡೆಯಬಹುದು. ಮಗುವನ್ನು ಬಿಟ್ಟು ಬಂದ ಸಂಕಟದಿಂದ ಹೊರಬರಲಾಗದ ತಾಯಿಗೂ ತಂದೆಗೂ ಅದು ತೆರೆದಿದೆ.