ಉಪಾಧ್ಯಾಯರ ನರವೈವಿಧ್ಯವೂ ನಮ್ಮ ಹೊಣೆಯೂ

ಕಲಿಕೆಯ ತೊಡಕುಳ್ಳ ಮಕ್ಕಳ ವಿಷಯವಾಗಿ ನಮ್ಮ ಉಪಾಧ್ಯಾಯ ಬಂಧುಗಳು ಈಗ ಸಾಕಷ್ಟು ಬಲ್ಲರು. ಆದರೆ ಅಂಥ ಮಗು ಬೆಳೆದು, ತರಬೇತಿ ಹೊಂದಿ, ತಾನೇ ಉಪಾಧ್ಯಾಯನಾಗಿ ಶಾಲೆಗೆ ಬಂದರೆ ನಾವು ಹೇಗೆ ನಡೆದುಕೊಳ್ಳತಕ್ಕದ್ದು? ಈ ಪ್ರಶ್ನೆಯನ್ನು ನಾವು ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ.

ಓದುವ, ಗಮನವಿಡುವ, ಸದ್ದು ಬೆಳಕುಗಳನ್ನು ಗ್ರಹಿಸುವ ರೀತಿ ಎಲ್ಲರ ಮಿದುಳಿನಲ್ಲಿಯೂ ಒಂದೇ ಅಚ್ಚಿನದಲ್ಲ. ಈ ಭೇದವನ್ನು 1990ರ ದಶಕದ ಕೊನೆಯಿಂದ ನರವೈವಿಧ್ಯವೆಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದಾರೆ. ಡಿಸ್ಲೆಕ್ಸಿಯಾ ಉಳ್ಳವರಿಗೆ ಅಕ್ಷರ ಮತ್ತು ಧ್ವನಿಗಳ ಹೊಂದಾಣಿಕೆ ಕಷ್ಟ. ಎ.ಡಿ.ಎಚ್.ಡಿ. ಉಳ್ಳವರಿಗೆ ಗಮನವನ್ನು ಒಂದೆಡೆ ನಿಲ್ಲಿಸುವುದು ಕಷ್ಟ. ಆಟಿಸಂ ಉಳ್ಳವರಲ್ಲಿ ಅನೇಕರಿಗೆ ಗದ್ದಲವೂ ಮುನ್ಸೂಚನೆಯಿಲ್ಲದ ಬದಲಾವಣೆಯೂ ಸಹಿಸಲಾಗದು. ಇವುಗಳಲ್ಲೊಂದು ಇದ್ದ ಮಾತ್ರಕ್ಕೆ ಬುದ್ಧಿ ಕಡಿಮೆಯೆಂದು ತಿಳಿಯುವುದು ತಪ್ಪು.

ನಮ್ಮ ಸೀಮೆಯಲ್ಲಿ ಇದಕ್ಕೊಂದು ವಿಶೇಷ ತೊಡಕುಂಟು. ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿ ಕನ್ನಡ ಇಂದಿಗೂ ಮಾತಿನಲ್ಲಿ ಉಳಿದಿದೆ; ಶಾಲೆಯ ಓದುಬರಹವೆಲ್ಲ ತಮಿಳಿನದು. ಆದುದರಿಂದ ಇಂಥ ಮನೆಯ ಉಪಾಧ್ಯಾಯ ಕಪ್ಪುಹಲಗೆಯ ಮೇಲೆ ತಪ್ಪು ಬರೆದರೆ, "ಮನೆಮಾತು ಬೇರೆ" ಎಂದು ಸುಮ್ಮನಾಗುತ್ತೇವೆ, ಇಲ್ಲವೆ "ಸೋಮಾರಿ" ಎನ್ನುತ್ತೇವೆ. ಭಾಷಾಭೇದದಿಂದಾಗುವ ತಪ್ಪು ಅಭ್ಯಾಸದಿಂದ ಕ್ರಮೇಣ ಸರಿಹೋಗುತ್ತದೆ. ಆದರೆ ಬಾಲ್ಯದಿಂದಲೂ ಇದ್ದು, ಕಲಿತ ಪ್ರತಿಯೊಂದು ಭಾಷೆಯ ಬರವಣಿಗೆಯಲ್ಲಿಯೂ ಕಾಣಿಸಿಕೊಂಡು, ಶ್ರಮಪಟ್ಟರೂ ಬಿಡದ ತಪ್ಪಾದರೆ ಬೇರೊಂದು ಕಾರಣವನ್ನು ಶಂಕಿಸಬೇಕು. ನಿರ್ಣಯ ತಜ್ಞರದು; ನಮ್ಮದಲ್ಲ.

ಈ ವಿವೇಕ ನಮಗೂ ತಡವಾಗಿ ಬಂತು. ಕೆಲವು ವರ್ಷಗಳ ಹಿಂದೆ ನಮ್ಮ ಕೈಕೆಳಗೆ ಒಬ್ಬ ತರುಣ ಗಣಿತ ಉಪಾಧ್ಯಾಯರಿದ್ದರು. ರೇಖಾಗಣಿತವನ್ನು ಅವರು ಹೇಳಿಕೊಟ್ಟರೆ ಹಿಂದಿನ ಬೆಂಚಿನ ಹುಡುಗನೂ ಎದ್ದುನಿಂತು ಉತ್ತರಿಸುತ್ತಿದ್ದ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರುಗಳು ಅದಲುಬದಲು, ಸುತ್ತೋಲೆಗೆ ಉತ್ತರ ತಡ. ನಾವು ಎರಡು ಸಲ ಮೆಮೋ ಕೊಟ್ಟೆವು. ಮೂರನೆಯ ಸಲ ಅವರೇ ರಾಜೀನಾಮೆ ಪತ್ರ ಹಿಡಿದು ಬಂದರು. "ಅಕ್ಷರ ಕಣ್ಣಿಗೆ ಕಾಣ್ತದೆ ಸಾರ್, ಕೈಗೆ ಬರೋದಿಲ್ಲ. ಚಿಕ್ಕಂದಿನಿಂದ ಹೀಗೇ" ಎಂದರು. ಆ ಪತ್ರದಲ್ಲಿಯೂ ನಾಲ್ಕು ತಪ್ಪುಗಳಿದ್ದವು. ನಮಗೆ ನಾಚಿಕೆಯಾಯಿತು. ಪತ್ರವನ್ನು ಹಿಂದಕ್ಕೆ ಕೊಟ್ಟೆವು.

ಆಮೇಲೆ ಮಾಡಿದ್ದು ಅತ್ಯಲ್ಪ. ಸುತ್ತೋಲೆಗಳನ್ನು ಒಬ್ಬ ಸಹೋದ್ಯೋಗಿ ಅವರೊಡನೆ ಗಟ್ಟಿಯಾಗಿ ಓದುವರು. ಹಾಜರಿ ಪುಸ್ತಕವನ್ನು ಒಮ್ಮೆ ತಾಳೆನೋಡುವರು. ಪ್ರತಿಯಾಗಿ ಇವರು ಅವರ ತರಗತಿಯ ಗಣಿತದ ಸಂದೇಹಗಳನ್ನು ಪರಿಹರಿಸುವರು. ಹಲಗೆಯ ಮೇಲೆ ಬರೆಯುವುದನ್ನು ಹಿಂದಿನ ದಿನವೇ ಸಿದ್ಧಪಡಿಸುವರು. ಇದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ.

ಇಬ್ಬರು ಕೂಡಿ ಓದುವುದು ಹೊಸದೇನೂ ಅಲ್ಲ. ನಮ್ಮ ಕುಮಳಿ ಘಟ್ಟದ ಆಚೆ ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾ ಮಂದಿರವಿದೆ. ಆ ಜನರ ವಿದ್ಯಾಭ್ಯಾಸ ಪರಂಪರೆಯಲ್ಲಿ ಹವ್ರೂತಾ ಎಂಬ ಪದ್ಧತಿಯುಂಟು. ಸಹವಾಸವೆಂದು ಆ ಮಾತಿನ ಅರ್ಥ. ಇಬ್ಬರು ಎದುರುಬದುರು ಕುಳಿತು ಗ್ರಂಥವನ್ನು ಗಟ್ಟಿಯಾಗಿ ಓದಿ ಚರ್ಚಿಸುತ್ತಾರೆ. ಒಬ್ಬನ ಕಣ್ಣು ಎಡವಿದರೆ ಇನ್ನೊಬ್ಬನ ಕಿವಿ ಹಿಡಿಯುತ್ತದೆ. ನರವೈವಿಧ್ಯವುಳ್ಳ ಉಪಾಧ್ಯಾಯರಿಗೆ ಇಂಥ ಜೊತೆಗಾರನೇ ದೊಡ್ಡ ಆಸರೆ.

ಇದು ಕೇವಲ ದಯೆಯ ಮಾತಲ್ಲ. ಕಾಯಿದೆಯ ಮಾತೂ ಹೌದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಅದರಲ್ಲಿ ಸೇರಿವೆ. ಡಿಸ್ಲೆಕ್ಸಿಯಾ ಈ ಎರಡನೆಯ ವರ್ಗದ್ದು. ಎ.ಡಿ.ಎಚ್.ಡಿ.ಯ ಹೆಸರು ಅಲ್ಲಿಲ್ಲ. ಸರ್ಕಾರಿ ಸಂಸ್ಥೆಗಳು ಇಂಥ ನೌಕರರಿಗೆ ಯುಕ್ತವಾದ ಅನುಕೂಲಗಳನ್ನು ಒದಗಿಸಬೇಕೆಂದು 20ನೆಯ ಕಲಮು ವಿಧಿಸುತ್ತದೆ.

ತರಬೇತಿ ಶಾಲೆಗಳು ಪಾಠಕ್ರಮದ ಟಿಪ್ಪಣಿಯನ್ನು ಬರೆದೇ ಒಪ್ಪಿಸಬೇಕೆನ್ನದೆ, ಹೇಳಿ ಒಪ್ಪಿಸುವುದಕ್ಕೂ ಎಡೆಕೊಡಲಿ. ಮುಖ್ಯೋಪಾಧ್ಯಾಯರು ವೇಳಾಪಟ್ಟಿಯ ಬದಲಾವಣೆಯನ್ನು ಹಿಂದಿನ ದಿನವೇ ತಿಳಿಸಲಿ. ಉಪಾಧ್ಯಾಯರು ನಂಬಿ ಹೇಳಿದ್ದನ್ನು ಗುಟ್ಟಾಗಿ ಕಾಪಾಡಲಿ. ಮೆಮೋ ಬರೆಯುವ ಮುನ್ನ ಒಮ್ಮೆ ಕೂರಿಸಿಕೊಂಡು "ಏನು ತೊಂದರೆ?" ಎಂದು ಕೇಳಲಿ. ನಾವು ಕೇಳದೆ ಹೋದುದರಿಂದ ಒಬ್ಬ ಒಳ್ಳೆಯ ಉಪಾಧ್ಯಾಯರನ್ನು ಕಳೆದುಕೊಳ್ಳುವುದರಲ್ಲಿದ್ದೆವು.