ಒಂದೇ ಸೀಸೆ, ಬೇರೆ ಬೇರೆ ಮುಂಗೈ

ದೆಹಲಿಯ ಸಾಕೇತದ ಮಾಲ್‌ಗಳಲ್ಲಿ ಸೆಂಟು ತೋರಿಸುವವರು ಮೊದಲು ಕೈಗಿಡುವುದು ಬಿಳಿ ಕಾಗದದ ಪಟ್ಟಿ. ಚಾಂದನಿ ಚೌಕದ ದರೀಬಾ ಕಲಾಂ ಗಲ್ಲಿಗೆ ಹೋದರೆ ಅತ್ತರಿನವರು ನಿಮ್ಮ ಕೈಯನ್ನೇ ಕೇಳುತ್ತಾರೆ. ಸೀಸೆಯ ಬಿರಡೆಯನ್ನು ಮುಂಗೈ ಮೇಲೆ ಒಮ್ಮೆ ಎಳೆದು ಸುಮ್ಮನಾಗುತ್ತಾರೆ. ತಕ್ಷಣ ಮೂಸಿದರೆ ಅವರಿಗೆ ಅಷ್ಟು ಹಿಡಿಸುವುದಿಲ್ಲ, ಸ್ವಲ್ಪ ತಾಳಿ ಎನ್ನುತ್ತಾರೆ. ಗುಲಾಬ್‌ಸಿಂಗ್ ಜೋಹ್ರಿಮಲ್ ಅಂಗಡಿ ಈ ಗಲ್ಲಿಯಲ್ಲಿ ಶುರುವಾದದ್ದು 1816ರಲ್ಲಿ. ಇನ್ನೂರು ವರ್ಷ ಅತ್ತರು ಮಾರಿದ ಬೀದಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಕಾಗದಕ್ಕೆ ಬಿಸಿಯಿಲ್ಲ, ಜಿಡ್ಡಿಲ್ಲ, ಬೆವರಿಲ್ಲ. ಅದರ ಮೇಲೆ ಚೆನ್ನಾಗಿ ಕಂಡದ್ದು ಮೈಮೇಲೂ ಹಾಗೇ ಇರುತ್ತದೆಂದು ಹೇಳಲು ಬರುವುದಿಲ್ಲ.

ಮಲ್ಲಿಗೆ, ಗುಲಾಬಿಯಂಥ ನೇರ ಪರಿಮಳಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಎದ್ದು ಕಾಣುವುದು ಬಾದಾಮಿ ಅರೆದು ಹೂವಿಗೆ ಬೆರೆಸಿ ಮೇಲೆ ಮುಖದ ಪೌಡರು ಉದುರಿಸಿದಂತಿರುವ ಸೆಂಟುಗಳಲ್ಲಿ. ಹಳೆಯ ಕಾಲದ ಅಮ್ಮಂದಿರ ಟ್ರಂಕು ತೆರೆದರೆ ಬರುತ್ತಿದ್ದ ವಾಸನೆಯ ದೊಡ್ಡ ನೆಂಟರು ಇವು. ಇವುಗಳ ಬೆನ್ನೆಲುಬಾದ ಹೀಲಿಯೋಟ್ರೋಪಿನ್ ಎಂಬ ವಸ್ತುವಿಗೆ ನಮ್ಮ ಮಲೆನಾಡಿನ ಬೆಳೆಯೊಂದರ ನಂಟಿದೆ. ಹತ್ತೊಂಬತ್ತನೇ ಶತಮಾನದ ರಸಾಯನಜ್ಞರು ಕಾಳುಮೆಣಸಿನ ಖಾರದ ಸಾರವಾದ ಪೈಪರೀನನ್ನು ಒಡೆದು ನೋಡುವಾಗ ಇದು ಸಿಕ್ಕಿತು. ಅದಕ್ಕೇ ಇದರ ಇನ್ನೊಂದು ಹೆಸರು ಪೈಪರೋನಲ್. ಈಗ ಇದನ್ನು ತಯಾರಿಸುವ ದಾರಿಗಳು ಬೇರೆ, ಆದರೆ ಬಾದಾಮಿ-ವೆನಿಲ್ಲಾದ ಈ ಹಿತವಾದ ಪೌಡರು ವಾಸನೆ ಮೆಣಸಿನ ಹೊಟ್ಟೆಯಿಂದ ಹೊರಟದ್ದು ಎಂದರೆ ಸಿರ್ಸಿಯ ಕಡೆಯವರು ನಂಬುವುದು ಕಷ್ಟ.

ಈ ಕುಲಕ್ಕೆ ಹತ್ತಿರದ ಹೆಸರಾಂತ ಸೆಂಟೊಂದಕ್ಕೆ ದೆಹಲಿಯಲ್ಲೇ ಹೆಸರಿನ ನೆಂಟಸ್ತಿಕೆ ಸಿಗುತ್ತದೆ. ಪ್ಯಾರಿಸ್ಸಿನ ಗೆರ್ಲೇನ್ ಮನೆ 1925ರಲ್ಲಿ ತಂದ 'ಶಾಲಿಮಾರ್' ಹೆಸರು ಪಡೆದದ್ದು ಮೊಗಲರ ತೋಟಗಳಿಂದ. ಆ ಹೆಸರಿನ ತೋಟಗಳಲ್ಲೊಂದು ಇಲ್ಲೇ ಇದೆ. 1658ರಲ್ಲಿ ಔರಂಗಜೇಬ ಮೊದಲ ಸಲ ಪಟ್ಟಕ್ಕೇರಿದ್ದು ದೆಹಲಿಯ ಶಾಲಿಮಾರ್ ಬಾಗ್‌ನಲ್ಲಿ. ಇಂದು ಆ ಹೆಸರು ಹೇಳಿದರೆ ಊರಿನವರಿಗೆ ನೆನಪಾಗುವುದು ಡಿಡಿಎ ಫ್ಲ್ಯಾಟುಗಳು, ಮೆಟ್ರೋ ಸ್ಟೇಷನ್ನು.

ಡಿಸೆಂಬರಿನ ಒಂದು ಭಾನುವಾರ ಮಯೂರ್ ವಿಹಾರದ ನಮ್ಮ ಮನೆಯಲ್ಲಿ ಇಂಥದ್ದೊಂದು ಬಾದಾಮಿ-ಪೌಡರು ಸೆಂಟನ್ನು ಸಿಕ್ಕಿದವರ ಮುಂಗೈಗೆಲ್ಲ ಹಚ್ಚಿದೆ. ಶಿವಮೊಗ್ಗದಿಂದ ಬಂದಿದ್ದ ಅತ್ತೆಯವರ ಚರ್ಮ ದೆಹಲಿಯ ಚಳಿಗೆ ಬಿಳಿಚಿ ಗೀರು ಬಿದ್ದಿತ್ತು. ಅವರ ಕೈಮೇಲೆ ಹೂವು ಕಾಫಿ ಕುದಿಯುವಷ್ಟರಲ್ಲಿ ಮಾಯ. "ಇದೇನೇ, ಬಾದಾಮಿ ಹಾಲು ಚೆಲ್ಲಿಕೊಂಡ ಹಾಗಿದೆ" ಎಂದು ಸೆರಗಿಗೆ ಒರೆಸಿಕೊಂಡರು. ಗುರುಗ್ರಾಮದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಆಗ ತಾನೇ ಕ್ರಿಕೆಟ್ ಮುಗಿಸಿ ಬಂದಿದ್ದ. ಜಿಡ್ಡಿನ ಮೈ, ಬಿಸಿ ಚರ್ಮ. ಮೊದಲಿಗೆ ಇಡೀ ಹಾಲ್‌ಗೆ ಹರಡಿದ ವಾಸನೆ ಸಂಜೆಯವರೆಗೂ ಹೂವಾಗಿಯೇ ಉಳಿಯಿತು. ಪಕ್ಕದ ಮನೆಯ ಪಂಜಾಬಿ ಆಂಟಿ ಬಿಸಿಲಲ್ಲಿ ಕೂತು ಕೈಕಾಲಿಗೆ ಸಾಸಿವೆ ಎಣ್ಣೆ ತಿಕ್ಕಿಕೊಂಡಿದ್ದರು. ಅವರ ಮುಂಗೈಯಲ್ಲಿ ಪೌಡರೂ ಇಲ್ಲ, ಹೂವೂ ಇಲ್ಲ. ಘಾಟಿನ ಹಿಂದೆ ಎಲ್ಲೋ ಒಂದಿಷ್ಟು ಸಿಹಿ.

ಇದರಲ್ಲಿ ಪವಾಡವೇನಿಲ್ಲ. ಸೆಂಟು ಎಂದರೆ ಬೇರೆ ಬೇರೆ ವೇಗದಲ್ಲಿ ಆವಿಯಾಗುವ ವಸ್ತುಗಳ ಗುಂಪು. ನಿಂಬೆ, ಕಿತ್ತಳೆಯಂಥವು ಮೊದಲು ಹಾರುತ್ತವೆ, ಆಮೇಲೆ ಹೂವುಗಳು. ವೆನಿಲಿನ್, ಕೂಮರಿನ್ ಮುಂತಾದ ಭಾರದವು ಗಂಟೆಗಟ್ಟಲೆ ಕದಲುವುದಿಲ್ಲ. ಚರ್ಮದ ಜಿಡ್ಡು ಈ ಹಾರುವವುಗಳನ್ನು ಕರಗಿಸಿಕೊಂಡು ಹಿಡಿದಿಡುತ್ತದೆ. ಜಿಡ್ಡಿಲ್ಲದ ಒಣ ಚರ್ಮದಲ್ಲಿ ಹೂವು ಬೇಗ ಹೋಗಿ ತಳದ ಸಿಹಿ ಮಾತ್ರ ನಿಲ್ಲುತ್ತದೆ. ಬಿಸಿ ಹೆಚ್ಚಿದಷ್ಟೂ ಎಲ್ಲವೂ ಚುರುಕು. ಅತ್ತೆಯವರ ಇನ್ನೊಂದು ಕೈಗೆ ತೆಳುವಾಗಿ ವ್ಯಾಸಲಿನ್ ಸವರಿ ಮತ್ತೆ ಹಚ್ಚಿದಾಗ ಮಧ್ಯಾಹ್ನದ ಊಟದ ಹೊತ್ತಿಗೂ ಹೂವು ಸಿಕ್ಕಿತು. ಕೊಬ್ಬರಿ ಎಣ್ಣೆಯಾದರೆ ಅದಕ್ಕೆ ತನ್ನದೇ ವಾಸನೆ ಇದೆ. ಬಾದಾಮಿಯ ಜತೆ ಅದು ಜಗಳವಾಡುವುದಿಲ್ಲ, ಆದರೆ ಸೆಂಟಿಗೆ ಒಬ್ಬಟ್ಟಿನ ಮನೆಯ ಕಳೆ ಬರುತ್ತದೆ.

ಅಂಗಡಿಗಳಲ್ಲಿ ಇದಕ್ಕೆಲ್ಲ 'ಸ್ಕಿನ್ ಕೆಮಿಸ್ಟ್ರಿ' ಎಂಬ ಒಂದೇ ಉತ್ತರ. ಚರ್ಮದ ಆಮ್ಲೀಯತೆ ಒಬ್ಬೊಬ್ಬರಲ್ಲಿ ಒಂದೊಂದು, ಅದಕ್ಕೇ ಪರಿಮಳ ಬದಲಾಗುತ್ತದೆ ಎನ್ನುತ್ತಾರೆ. ನನಗೆ ಈ ಮಾತಿನಲ್ಲಿ ನಂಬಿಕೆ ಕಡಿಮೆ. ಆರೋಗ್ಯವಂತ ಚರ್ಮದ ಪಿಎಚ್ ಬಹುಪಾಲು 4ರಿಂದ 6ರ ನಡುವೆಯೇ ಇರುತ್ತದೆ. ಸೆಂಟಿನ ಬಹಳಷ್ಟು ವಸ್ತುಗಳು ಅಷ್ಟು ಸಣ್ಣ ಅಂತರಕ್ಕೆ ಬದಲಾಗುವಂಥವೂ ಅಲ್ಲ. ಇದಕ್ಕಿಂತ ನೇರವಾದ ಕಾರಣ ತಟ್ಟೆಯಲ್ಲಿದೆ. ಚಳಿಗಾಲ ಬಂತೆಂದರೆ ದೆಹಲಿಯ ಮನೆಮನೆಯಲ್ಲೂ ಮೇಥಿ ಪರಾಠ. ಮೆಂತ್ಯದಲ್ಲಿರುವ ಸೋಟೊಲೋನ್ ಎಂಬ ವಸ್ತು ಬೆವರಿನಲ್ಲಿ ಹೊರಬಂದಾಗ ಬೆಲ್ಲದ ಪಾಕದಂಥ ವಾಸನೆ ಬರುತ್ತದೆ. ಮೊದಲೇ ಸಿಹಿಯಾದ ಸೆಂಟಿಗೆ ಇದು ಸೇರಿದರೆ ಹೇಗಿರಬಹುದು ಎಂದು ಊಹಿಸಿಕೊಳ್ಳಿ.

ಮೈವಾಸನೆಯನ್ನು ಸೆಂಟು ಮುಚ್ಚುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವರಿಗೆ ಒಂದು ಕಂಕುಳಿಗೆ ಅವರದೇ ಇಷ್ಟದ ಸೆಂಟು, ಇನ್ನೊಂದಕ್ಕೆ ಬೇರೆಯವರು ಆರಿಸಿಕೊಟ್ಟದ್ದನ್ನು ಹಚ್ಚಿ, ಹತ್ತಿಯಲ್ಲಿ ಹಿಡಿದ ವಾಸನೆಯನ್ನು ಅಪರಿಚಿತರಿಗೆ ಮೂಸಲು ಕೊಟ್ಟರು. ಎರಡೂ ಸೆಂಟು ಬಿಡಿಯಾಗಿ ಒಂದೇ ಮಟ್ಟದವೇ. ಆದರೂ ಮೈವಾಸನೆಯೊಡನೆ ಬೆರೆತಾಗ, ಅವರವರೇ ಆರಿಸಿಕೊಂಡದ್ದು ಹೆಚ್ಚು ಹಿತವೆನಿಸಿತು. ಮದುವೆಗೆ, ಹುಟ್ಟುಹಬ್ಬಕ್ಕೆ ಸೆಂಟಿನ ಬಾಟಲಿ ಉಡುಗೊರೆ ಕೊಡುವವರು ಇದನ್ನು ತಿಳಿದಿದ್ದರೆ ಎಷ್ಟೋ ಬಾಟಲಿ ಬೀರುವಿನ ಮೂಲೆ ಸೇರುವುದು ತಪ್ಪುತ್ತಿತ್ತು.

ಇಷ್ಟೆಲ್ಲ ಹಚ್ಚಿಕೊಂಡವರ ಕಡೆಯ ಲೆಕ್ಕ. ಮೂಸುವವರ ಕಡೆಯದು ಇನ್ನೂ ಸ್ವಾರಸ್ಯ. ಪೌಡರಿನ ಭಾವ ಕೊಡುವುದರಲ್ಲಿ ವಯೊಲೆಟ್ ಹೂವಿನ ಅಯೊನೋನ್‌ಗಳ ಪಾಲು ದೊಡ್ಡದು. ನ್ಯೂಜಿಲೆಂಡಿನ ಸಂಶೋಧಕರು 2013ರಲ್ಲಿ ತೋರಿಸಿದಂತೆ, ಮೂಗಿನ ಒಂದೇ ಒಂದು ಜೀನಿನ ವ್ಯತ್ಯಾಸದಿಂದ ಬೀಟಾ ಅಯೊನೋನ್ ಕೆಲವರಿಗೆ ಘಮಘಮಿಸುವ ಹೂವು, ಇನ್ನು ಕೆಲವರಿಗೆ ಹುಳಿ ವಿನೆಗರು. ಎರಡನೆಯ ಗುಂಪಿನ ಗಂಡನಿಗೆ ಮೊದಲ ಗುಂಪಿನ ಹೆಂಡತಿಯಿದ್ದರೆ, ಸೆಂಟಿನ ವಿಷಯದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಚ್ಚಿಕೊಂಡವರ ಮೂಗಂತೂ ಸ್ವಲ್ಪ ಹೊತ್ತಿಗೇ ಒಗ್ಗಿಹೋಗುತ್ತದೆ. ಹಾರಿಹೋಯಿತೆಂದು ಮತ್ತೆರಡು ಸಲ ಪುಸಕ್ಕೆನಿಸಿ ಮೆಟ್ರೋ ಹತ್ತಿದರೆ ಇಡೀ ಡಬ್ಬಿಗೆ ತಲೆನೋವು.

ಅಕ್ಟೋಬರಿನಲ್ಲಿ ನೋಯ್ಡಾದ ರಸ್ತೆಗಳಲ್ಲಿ ಇದೇ ಜಗಳ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಸಾಲಾಗಿ ನೆಟ್ಟಿರುವ ಸಪ್ತಪರ್ಣಿ ಒಟ್ಟಿಗೇ ಹೂಬಿಟ್ಟಾಗ ಕೆಲವರು ಕಿಟಕಿ ತೆರೆಯುತ್ತಾರೆ, ಕೆಲವರು ಮುಚ್ಚುತ್ತಾರೆ. ನಮ್ಮ ಕರಾವಳಿಯವರು ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುವ ಹಾಲೆ ಮರವೇ ಇದು. ಕಹಿಯಿಂದ ಪರಿಚಯವಾದವರಿಗೆ ಆ ಘಾಟು ಸಿಹಿ ತುಸು ಅನುಮಾನದ್ದೇ.

ದರೀಬಾದಲ್ಲಿ ಇದಕ್ಕೆಲ್ಲ ಹಳೆಯ ಪರಿಹಾರವೊಂದಿದೆ: ಋತು ನೋಡಿ ಮಾರುವುದು. ಬೇಸಿಗೆಗೆ ಲಾವಂಚದ ಖಸ್, ನಾವು ಕೇದಗೆ ಎನ್ನುವ ಕೇವ್ಡಾ, ಮೊದಲ ಮಳೆಯ ಮಣ್ಣಿನ ಮಿಟ್ಟಿ. ಚಳಿಗೆ ಹಿನಾ, ಶಮಾಮಾ. ಬಾದಾಮಿ-ಪೌಡರು ಜಾತಿಯೂ ಚಳಿಯದೇ. ಜನವರಿಯ ಮಂಜಿನಲ್ಲಿ ಶಾಲಿನೊಳಗೆ ಬೆಚ್ಚಗಿರುವ ಅದು ಜೂನಿನ ಲೂ ಗಾಳಿಗೆ, 45 ಡಿಗ್ರಿಗೆ ಅಂಟಂಟಾಗಿ ಗಂಟಲು ಹಿಡಿಯುತ್ತದೆ.

ಈ ಅತ್ತರುಗಳಲ್ಲಿ ಹೆಚ್ಚಿನವು ಬರುವುದು ಕನೌಜ್‌ನಿಂದ. ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವು ಬೇಯುತ್ತದೆ, ಬಿದಿರ ಕೊಳವೆಯಲ್ಲಿ ಹಬೆ ಹೋಗಿ ಭಪ್ಕಾ ಎಂಬ ಪಾತ್ರೆಯಲ್ಲಿ ಇಳಿಯುತ್ತದೆ. ಸಂಪ್ರದಾಯದಂತೆ ಆ ಪಾತ್ರೆಯಲ್ಲಿ ಕಾದಿರುವುದು ಶ್ರೀಗಂಧದ ಎಣ್ಣೆ. ಇಲ್ಲಿ ನಮ್ಮ ಮೈಸೂರಿನ ಪಾಲು ಬರುತ್ತದೆ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಕೊರಡು ಸಾಗದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1916ರಲ್ಲಿ ತಾನೇ ಎಣ್ಣೆ ಇಳಿಸಲು ಹೊರಟಿತು. ಸ್ಯಾಂಟಲಾಲ್‌ನಿಂದ ತುಂಬಿದ ಈ ಎಣ್ಣೆ ಭಾರ, ನಿಧಾನ. ಹೂವಿನ ಹಗುರ ಪರಿಮಳವನ್ನು ಹಿಡಿದು ಕೂರಿಸುತ್ತದೆ. ಅತ್ತೆಯವರ ಕೈಯಲ್ಲಿ ಇಲ್ಲದ ಜಿಡ್ಡಿನ ಕೆಲಸವನ್ನು ಅತ್ತರಿನಲ್ಲಿ ಅದೇ ಮಾಡುತ್ತದೆ.

ಗಂಧದ ಬೆಲೆ ಏರಿದ ಮೇಲೆ ಎಷ್ಟೋ ಅತ್ತರುಗಳ ತಳಕ್ಕೆ ಲಿಕ್ವಿಡ್ ಪ್ಯಾರಫಿನ್ ಬಂದು ಕೂತಿದೆ. ಅದಕ್ಕೆ ಸ್ವಂತ ವಾಸನೆಯಿಲ್ಲದ್ದರಿಂದ ಸೀಸೆಯ ಬಾಯಲ್ಲಿ ಮೂಸಿದರೆ ಗೊತ್ತಾಗುವುದಿಲ್ಲ. ಹೂವು ಹೋದ ಮೇಲೆ ಕೈಯಲ್ಲಿ ಗಂಧ ಉಳಿದಿದೆಯೋ, ಬರೀ ಜಿಡ್ಡೋ ಎಂದು ನೋಡಬೇಕು. ಹಾಗಾಗಿ ಹಚ್ಚಿಸಿಕೊಂಡ ಕೂಡಲೇ ತೊಲಕ್ಕೆ ಎಷ್ಟು ಎಂದು ಕೇಳುವ ಬದಲು ಒಂದೆರಡು ಗಂಟೆ ತಿರುಗಾಡಿ ಬನ್ನಿ. ಕೆಂಪುಕೋಟೆಯ ಕಡೆ ಹೋದರೆ ಒಳ್ಳೆಯದು. ಪರಾಠೆವಾಲಿ ಗಲ್ಲಿಯ ಕಡೆ ಹೋದಿರೋ, ಆ ಕರಿದ ತುಪ್ಪದ ಹೊಗೆಗೆ ಯಾವ ಅತ್ತರೂ ನಿಲ್ಲುವುದಿಲ್ಲ, ನೀವೂ ಖಾಲಿ ಹೊಟ್ಟೆಯಲ್ಲಿ ವಾಪಸು ಬರುವುದಿಲ್ಲ.