ಚಕ್ರದ ಮೇಲಿನ ಮನೆಯೂ ಅದರ ಬಚ್ಚಲ ತೊಟ್ಟಿಯೂ

ಗೃಹಸ್ಥರಾದವರಿಗೆ ತಮ್ಮ ಮನೆಯ ಮುಂಬಾಗಿಲಿನ ಕೆತ್ತನೆಯ ವಿಷಯದಲ್ಲಿ ಇರುವಷ್ಟು ತಿಳಿವಳಿಕೆಯು, ಅದೇ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂಬ ವಿಷಯದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮಗೂ ಅರುವತ್ತೆಂಟು ವರ್ಷ ತುಂಬುವವರೆಗೆ ಇರಲಿಲ್ಲ. ೨೦೨೩ನೆಯ ಇಸವಿಯ ಜುಲೈ ತಿಂಗಳಿನಲ್ಲಿ, ಅಮೇರಿಕಾ ದೇಶದ ವಯೋಮಿಂಗ್ ಪ್ರಾಂತದ ಒಂದು ಬಯಲಿನಲ್ಲಿ, ಒಂದು ಮೋಟಾರು ಬಂಡಿಯ ಕೆಳಗೆ ಅಂಗಾತ ಮಲಗಿ ಆ ವಿದ್ಯೆಯನ್ನು ಕಲಿಯಬೇಕಾಗಿ ಬಂದಿತು. ಕಲಿತದ್ದರಲ್ಲಿ ಕೆಲವಂಶವು ನಮ್ಮ ದೇಶದ ಮನೆಗಳಿಗೂ ಉಪಯೋಗಕ್ಕೆ ಬರುವಂಥದಾಗಿರುವುದರಿಂದ ವಾಚಕರ ಮುಂದಿಡಲು ಧೈರ್ಯ ಮಾಡಿರುವೆವು.

ನಮ್ಮ ಚಿರಂಜೀವಿಯು ಕೊಲರಾಡೊ ಪ್ರಾಂತದ ಡೆನ್ವರ್ ನಗರದಲ್ಲಿ ಉದ್ಯೋಗದಲ್ಲಿರುವನು. ಅವನು ಯಾರೋ ಬಳಸಿ ಮಾರಿದ ಮೋಟಾರ್‌ಹೋಮ್ ಒಂದನ್ನು ಕೊಂಡು, ಯೆಲ್ಲೋಸ್ಟೋನ್ ಅರಣ್ಯವನ್ನು ತೋರಿಸುವೆನೆಂದು ನಮ್ಮಿಬ್ಬರನ್ನೂ ಅದರಲ್ಲಿ ಕುಳ್ಳಿರಿಸಿಕೊಂಡು ಹೊರಟನು. ಮೋಟಾರ್‌ಹೋಮ್ ಎಂದರೆ ಮೋಟಾರಿನ ಮೇಲೆ ಕಟ್ಟಿದ ಮನೆ. ಸಣ್ಣ ಬಸ್ಸಿನಷ್ಟು ಉದ್ದದ ಬಂಡಿಯೊಳಗೆ ಒಲೆ, ಹಾಸಿಗೆ, ಪಾತ್ರೆ ತೊಳೆಯುವ ತಾಣ, ಸ್ನಾನದ ಗೂಡು, ಪಾಯಿಖಾನೆ ಇಷ್ಟೂ ಅಡಕವಾಗಿರುವುವು. ನೆಲಕ್ಕೆ ಅಂಟಿಕೊಂಡ ಮನೆಗೆ ಮೋರಿಯುಂಟು; ಓಡಾಡುವ ಮನೆಗೆ ಮೋರಿಯು ಎಲ್ಲಿಂದ ಬರಬೇಕು? ಆದಕಾರಣ ಬಂಡಿಯ ಹೊಟ್ಟೆಯಲ್ಲಿ ಮೂರು ಪ್ಲಾಸ್ಟಿಕ್ ತೊಟ್ಟಿಗಳನ್ನಿಟ್ಟಿರುತ್ತಾರೆ. ಒಂದು ಒಳ್ಳೆಯ ನೀರಿಗೆ, ಒಂದು ಸ್ನಾನ ಮತ್ತು ಪಾತ್ರೆಯ ಬಚ್ಚಲ ನೀರಿಗೆ, ಇನ್ನೊಂದು ಪಾಯಿಖಾನೆಗೆ. ನಮ್ಮ ಬಂಡಿಯ ಬಚ್ಚಲ ತೊಟ್ಟಿಯು ಆ ದೇಶದ ೪೦ ಗ್ಯಾಲನ್, ಅಂದರೆ ಸುಮಾರು ೧೫೦ ಲೀಟರ್ ಹಿಡಿಯುತ್ತಿತ್ತು. ತುಂಬಿದರೆ ೧೫೦ ಕಿಲೋ ಭಾರ. ಮೂರು ಮೂಟೆ ಅಕ್ಕಿಯನ್ನು ಬಂಡಿಯ ಕೆಳಗೆ ತೂಗುಹಾಕಿಕೊಂಡು ಓಡಿಸಿದಂತೆ.

ಈ ಕೊಳೆನೀರನ್ನು ದಾರಿಯಲ್ಲಿ ಎಲ್ಲೆಂದರಲ್ಲಿ ಬಿಡುವಂತಿಲ್ಲ. ಅದಕ್ಕಾಗಿಯೇ ಅಲ್ಲಲ್ಲಿ ನೇಮಿಸಿರುವ ಚರಂಡಿಯ ಬಾಯಿಗೆ ಕೊಳವೆ ತಗುಲಿಸಿ ಖಾಲಿ ಮಾಡಬೇಕು. ಮೊದಲು ಪಾಯಿಖಾನೆಯ ತೊಟ್ಟಿ, ಆಮೇಲೆ ಬಚ್ಚಲಿನದು. ಸಾಬೂನು ನೀರು ಕೊಳವೆಯನ್ನು ತೊಳೆದುಕೊಂಡು ಹೋಗಲೆಂದು ಈ ಕ್ರಮ. ಅಲ್ಲಿ ಈ ಕೆಲಸಕ್ಕೆ ಆಳು ದೊರೆಯುವುದಿಲ್ಲ. ಲಕ್ಷಾಂತರ ಡಾಲರಿನ ಬಂಡಿಯವನೂ ರಬ್ಬರಿನ ಕೈಚೀಲ ತೊಟ್ಟು ತನ್ನ ಸರದಿಗೆ ನಿಂತಿರುತ್ತಾನೆ. ಇದನ್ನು ಮೊದಲ ದಿನ ನೋಡಿದಾಗ, ನಮ್ಮ ಬಾಲ್ಯದಲ್ಲಿ ಹಿತ್ತಲ ಸಂದಿಯಿಂದ ಬೆಳಗಿನ ಜಾವವೇ ಬಂದು ಹೋಗುತ್ತಿದ್ದ ಒಬ್ಬಾತನ ನೆನಪು ಬಂದಿತು. ಹತ್ತು ವರ್ಷ ಆತನು ನಮ್ಮ ಮನೆಗೆ ಬಂದನು. ಆತನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕ್ಯಾಸ್ಪರ್ ಎಂಬ ಊರಿನ ಬಿಡಾರದಲ್ಲಿ ಬೆಳಗ್ಗೆ ಎದ್ದಾಗ ಬಂಡಿಯ ಕೆಳಗೆ ಒದ್ದೆಯ ಗೆರೆಯೊಂದು ಕಂಡಿತು. ಮೂಗಿಗೆ ಹಿಡಿದಾಗ ಹಿಂದಿನ ರಾತ್ರಿಯ ಸಾರಿನ ವಾಸನೆ. ಚಿರಂಜೀವಿಯು ಕೆಳಗೆ ನುಸುಳಿ ದೀಪ ಹಿಡಿದು ನೋಡಲು, ಬಚ್ಚಲ ತೊಟ್ಟಿಯ ಮೂಲೆಯಲ್ಲಿ, ನೀರು ಹೊರಡುವ ಕೊಳವೆ ಕೂಡುವ ಜಾಗದಿಂದ ಐದು ಅಂಗುಲ ಉದ್ದದ ಬಿರುಕು ಬಿಟ್ಟಿದ್ದಿತು. ಇದನ್ನು ಕೇಳಿದ ಕೂಡಲೆ ನಮ್ಮ ಮನೆಯವರು ಸೌಟನ್ನು ಕೆಳಗಿಟ್ಟು, “ಇದರ ಮೇಲೆ ನಿಂತು ನಾನು ಅಡಿಗೆ ಮಾಡುವುದು ಹೇಗಪ್ಪ?” ಎಂದರು. ಅಲ್ಲಿನ ದುರಸ್ತಿಯ ಅಂಗಡಿಯವರು, ಹೊಸ ತೊಟ್ಟಿಯನ್ನು ತರಿಸಬೇಕು, ಮೂರು ವಾರವಾದೀತು ಎಂದರು. ನಾವು ಸ್ವದೇಶಕ್ಕೆ ಹೊರಡಲು ಉಳಿದಿದ್ದುದು ಹನ್ನೆರಡು ದಿನ. ಮತ್ತೊಮ್ಮೆ ಅಷ್ಟು ದೂರ ಹೋಗುವ ದೇಹಶಕ್ತಿ ನಮ್ಮಿಬ್ಬರಲ್ಲಿಯೂ ಉಳಿದಿರಲಿಲ್ಲವೆಂಬುದನ್ನು ಮೂವರೂ ಬಲ್ಲೆವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ತೊಟ್ಟಿಗೆ ಕೂಡಿದ ಕರಿಯ ಕೊಳವೆಯ ಮೇಲೆ ಎ.ಬಿ.ಎಸ್. ಎಂದು ಅಚ್ಚಾಗಿದ್ದಿತು. ತೊಟ್ಟಿಯೂ ಕರಿಯದೇ. ಆದ್ದರಿಂದ ಅದೂ ಅದೇ ಪ್ಲಾಸ್ಟಿಕ್ಕೆಂದು ಎಣಿಸಿ, ಚಿರಂಜೀವಿಯು ಎ.ಬಿ.ಎಸ್. ಅಂಟನ್ನು ತಂದು ಬಿರುಕಿನ ಮೇಲೆ ಬಳಿದು ತೇಪೆ ಹಾಕಿದನು. ಒಂದು ಹಗಲು ಒಂದು ಇರುಳು ಒಣಗಲು ಬಿಟ್ಟೆವು. ನೋಡುವುದಕ್ಕೆ ಬಹಳ ಲಕ್ಷಣವಾಗಿದ್ದಿತು. ಮಾರನೆಯ ದಿನ ವಿಂಡ್ ನದಿಯ ಕಣಿವೆಯನ್ನು ಹಾದು ಥರ್ಮೊಪೊಲಿಸ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಬರುವಷ್ಟರಲ್ಲಿ ತೇಪೆಯು ಆರಿದ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು ಬಂದಿದ್ದಿತು.

ಅಲ್ಲಿಯ ಬಿಡಾರದಲ್ಲಿ ನಮ್ಮ ಪಕ್ಕಕ್ಕೆ ಇಳಿದಿದ್ದವರು ಒಬ್ಬ ವೃದ್ಧರು. ನಲವತ್ತು ವರ್ಷ ಕೊಳಾಯಿ ಕೆಲಸ ಮಾಡಿ ವಿಶ್ರಾಂತರಾದವರು. ನಮ್ಮ ಫಜೀತಿಯನ್ನು ಸ್ವಲ್ಪ ಹೊತ್ತು ನೋಡಿ, ಕರೆಯದೆಯೇ ಬಂದರು. ಅಂಟಿನ ಡಬ್ಬಿಯನ್ನು ನೋಡಿ ನಗಲಿಲ್ಲ. ಚಾಕುವಿನಿಂದ ತೊಟ್ಟಿಯ ಅಂಚಿನಲ್ಲಿ ಒಂದು ಚಿಕ್ಕ ಸಿಪ್ಪೆ ಹೆರೆದು, ಒಂದು ಲೋಟ ನೀರನ್ನು ಕೇಳಿ, ಅದರಲ್ಲಿ ಒಂದು ತೊಟ್ಟು ಸಾಬೂನನ್ನು ಬೆರಸಿ, ಸಿಪ್ಪೆಯನ್ನು ಬೆರಳಿನಿಂದ ಮುಳುಗಿಸಿ ಬಿಟ್ಟರು. ಅದು ಮೇಲೆದ್ದು ತೇಲಿತು. ಕೊಳವೆಯಿಂದಲೂ ಒಂದು ಸಿಪ್ಪೆ ತೆಗೆದು ಹಾಗೆಯೇ ಮಾಡಿದರು. ಅದು ತಳ ಹಿಡಿಯಿತು.

ವಿಷಯವೆಲ್ಲವೂ ಇಷ್ಟರಲ್ಲಿಯೇ ಇದೆ. ಎ.ಬಿ.ಎಸ್. ನೀರಿಗಿಂತ ಭಾರವಾದದ್ದು, ಮುಳುಗುತ್ತದೆ. ಪಾಲಿಎಥಿಲೀನ್ ನೀರಿಗಿಂತ ಹಗುರವಾದದ್ದು, ತೇಲುತ್ತದೆ. ಇನ್ನೊಂದು ಪರೀಕ್ಷೆಯೂ ಉಂಟು. ಅಸಿಟೋನ್ ಎಂಬ ದ್ರವದಲ್ಲಿ ಅದ್ದಿದ ಅರಳೆಯಿಂದ ಉಜ್ಜಿದರೆ ಎ.ಬಿ.ಎಸ್. ಮೈಯು ಕರಗಿ ಜಿಗುಟಾಗುತ್ತದೆ; ಪಾಲಿಎಥಿಲೀನ್ ಏನೂ ಆಗದಂತಿರುತ್ತದೆ. ಅಂಟು ಹಿಡಿಯುವುದೂ ಈ ಕರಗುವಿಕೆಯಿಂದಲೇ. ಎ.ಬಿ.ಎಸ್. ಅಂಟು ಎರಡು ತುಂಡುಗಳ ಮೈಯನ್ನೂ ಕರಗಿಸಿ ಒಂದು ಮಾಡುತ್ತದೆ. ಪಾಲಿಎಥಿಲೀನ್ ಮೈಯು ಮೇಣದಂತೆ. ಅಂಗಡಿಯ ಸಾಮಾನ್ಯ ಅಂಟುಗಳನ್ನು ಅದರ ಮೇಲೆ ಬಳಿಯುವುದು, ಕೆಸುವಿನ ಎಲೆಯ ಮೇಲೆ ನೀರನ್ನು ನಿಲ್ಲಿಸಹೊರಟಂತೆ. ಅದನ್ನು ಕೂಡಿಸಬೇಕಾದರೆ ಅದೇ ಜಾತಿಯ ಕಡ್ಡಿಯನ್ನು ಕರಗಿಸಿ ಬೆಸುಗೆಯೇ ಹಾಕಬೇಕು.

ಬಂಡಿಯ ಕೆಳಗೆ ಮಲಗಿ ತಲೆಯ ಮೇಲೆ ಬೆಸುಗೆ ಹಾಕುವುದು ಬೇಡ, ತೊಟ್ಟಿಯನ್ನು ಇಳಿಸಿರಿ ಎಂದು ವೃದ್ಧರು ಹಟ ಹಿಡಿದರು. ಅದಕ್ಕೆ ಅರ್ಧ ದಿನ ಹಿಡಿಯಿತು. ಇಳಿಸುವ ಮೊದಲು ಚರಂಡಿಯ ಬಾಯಿಯಲ್ಲಿ ಪೂರ್ತಿ ಖಾಲಿ ಮಾಡಿ, ನಾಲ್ಕು ಬಾರಿ ನೀರು ತುಂಬಿ ತೊಳೆದೆವು. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಒಲೆಯ ಅನಿಲದ ಬಿರಡೆಯನ್ನು ಮುಚ್ಚಿದೆವು. ಇಳಿಸಿದ ಮೇಲೆ ರಾತ್ರಿಯೆಲ್ಲ ಗಾಳಿಗೆ ಬಿಟ್ಟೆವು. ಕೊಳೆನೀರಿನ ತೊಟ್ಟಿಗಳಲ್ಲಿ ಹೊತ್ತಿಕೊಳ್ಳುವ ಮೀಥೇನ್ ಅನಿಲವೂ, ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲವೂ ಹುಟ್ಟುವುದುಂಟು. ಈ ಎರಡನೆಯದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಕೊಡುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುವುದರಿಂದ ನಾತವೇ ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಮಲದ ಗುಂಡಿಗಳಿಗೆ ಇಳಿದವರು ಒಬ್ಬರ ಹಿಂದೆ ಒಬ್ಬರು ಸಾಯುವುದು ಇಂಥ ಅನಿಲಗಳಿಂದಲೇ. ಮಲ ಹೊರಿಸುವುದನ್ನು ನಿಷೇಧಿಸಿ ೧೯೯೩ರಲ್ಲಿಯೂ, ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನೂ ಸೇರಿಸಿ ೨೦೧೩ರಲ್ಲಿಯೂ ಕಾಯಿದೆಗಳಾಗಿದ್ದರೂ ಆ ಸುದ್ದಿಯು ಪತ್ರಿಕೆಗಳಲ್ಲಿ ನಿಂತಿಲ್ಲ. ತೊಟ್ಟಿಯ ಬಾಯಿಗೆ ಮುಖವಿಟ್ಟು ಇಣುಕಹೋದ ನಮ್ಮನ್ನು ವೃದ್ಧರು ರಟ್ಟೆ ಹಿಡಿದು ಹಿಂದಕ್ಕೆಳೆದಾಗ, ಆ ಸುದ್ದಿಗಳನ್ನು ಕಾಫಿ ಕುಡಿಯುತ್ತ ಓದಿದ್ದ ಬೆಳಗುಗಳು ಜ್ಞಾಪಕಕ್ಕೆ ಬಂದವು.

ಮರುದಿನ ಕೆಲಸ ಪ್ರಾರಂಭವಾಯಿತು. ಬಿರುಕಿನ ಎರಡು ಕೊನೆಗಳಲ್ಲಿಯೂ ಸಣ್ಣ ಬೈರಿಗೆಯಿಂದ ದುಂಡನೆಯ ತೂತು ಕೊರೆದರು. ಬಿರುಕಿನ ಮೊನೆಯು ಸೂಜಿಯಂತೆ ಚೂಪಾಗಿದ್ದು, ಬಂಡಿ ಅದುರಿದಷ್ಟೂ ಮುಂದೆ ಸಾಗುತ್ತದೆ. ದುಂಡು ತೂತಿಗೆ ಬಂದು ಸೇರಿದರೆ ಅಲ್ಲಿ ತಡೆದು ನಿಲ್ಲುತ್ತದೆ. ಅನಂತರ ಬಿರುಕಿನುದ್ದಕ್ಕೂ ಚಾಕುವಿನಿಂದ ಗಾಡಿಯ ಜಾಡಿನಂತೆ ಇಳಿಜಾರಾದ ಕಾಲುವೆ ತೆಗೆದು, ಸುತ್ತಲಿನ ಹಳೆಯ ಮೈಯನ್ನು ಹೊಸದು ಕಾಣುವವರೆಗೆ ಹೆರೆದರು. ಅಂಟಿನ ಅವಶೇಷ ಒಂದಿಷ್ಟೂ ಉಳಿಯಬಾರದು. ತಮ್ಮ ಪೆಟ್ಟಿಗೆಯಿಂದ ಪಾಲಿಎಥಿಲೀನ್ ಕಡ್ಡಿಯೊಂದನ್ನು ತೆಗೆದು, ಮೊದಲು ತೊಟ್ಟಿಯ ಅಂಚಿನಲ್ಲಿ ಒಂದು ತುಂಡನ್ನು ಬೆಸೆದು, ಆರಿದ ಮೇಲೆ ಇಕ್ಕಳದಿಂದ ಜಗ್ಗಿ ನೋಡಿದರು. ಬರಲಿಲ್ಲ. ಕಡ್ಡಿಯ ಜಾತಿ ಸರಿಹೊಂದಿತೆಂದು ಅದರಿಂದ ಗೊತ್ತಾಯಿತು.

ಬೆಸುಗೆಗೆ ಬೆಂಕಿಯ ಜ್ವಾಲೆಯಲ್ಲ, ವಿದ್ಯುತ್ತಿನಿಂದ ಬಿಸಿಗಾಳಿ ಊದುವ ಯಂತ್ರವೇ ಬೇಕು. ಕಡ್ಡಿಯನ್ನೂ ಕಾಲುವೆಯನ್ನೂ ಒಟ್ಟಿಗೆ ಕಾಯಿಸಬೇಕು. ಕಡ್ಡಿ ಮಾತ್ರ ಕರಗಿ ತಣ್ಣನೆಯ ಮೈಯ ಮೇಲೆ ಬಿದ್ದರೆ ಅದು ಬೆಸುಗೆಯಲ್ಲ, ಲೇಪ. ಎರಡೂ ಹೊಳಪಾಗಿ ಬೆವೆತಂತೆ ಕಂಡಾಗ ಕಡ್ಡಿಯನ್ನು ಒತ್ತುತ್ತ ಮುಂದುವರಿಯಬೇಕು. ಹೊಗೆಯೆದ್ದರೆ ಕೆಟ್ಟಿತೆಂದೇ ತಿಳಿಯಬೇಕು. ಚಿರಂಜೀವಿಯ ಕೈಗೆ ಯಂತ್ರ ಕೊಟ್ಟು ವೃದ್ಧರು ಪಕ್ಕದಲ್ಲಿ ನಿಂತರು. ಮೊದಲಿನ ಎರಡಂಗುಲ ಗಂಟುಗಂಟಾಯಿತು. ಅದನ್ನು ಕೆತ್ತಿಸಿ ಮತ್ತೆ ಮಾಡಿಸಿದರು. ಕಾಲುವೆ ತುಂಬಿದ ಮೇಲೆ, ಅಡ್ಡಲಾಗಿಯೂ ನಾಲ್ಕು ಕಡ್ಡಿಗಳನ್ನು ಹೊಲಿಗೆಯಂತೆ ಬೆಸೆದರು. ನೀರು ಚುಮುಕಿಸದೆ ತಾನಾಗಿಯೇ ಆರಲು ಬಿಟ್ಟೆವು.

ಪರೀಕ್ಷೆಯನ್ನು ಮಾಡಿದವರು ನಮ್ಮ ಮನೆಯವರು. ಎರಡು ದಿನ ಬಂಡಿಯೊಳಕ್ಕೆ ಕಾಲಿಡದಿದ್ದವರು ತಾವೇ ಎದ್ದು ಬಂದು, ಬರಿಯ ನೀರು ತುಂಬಿದರೆ ಸೋರಿದ್ದು ಕಾಣುವುದೆ ಎಂದು ಕೇಳಿ, ಬಕೆಟ್ಟಿನಲ್ಲಿ ಅರಿಸಿನ ಕದಡಿದರು. ಸುಣ್ಣ ದೊರೆಯಲಿಲ್ಲವಾಗಿ ಅಡಿಗೆಯ ಸೋಡಾ ಹಾಕಿದರು. ನೀರು ಆರತಿಯ ಓಕುಳಿಯಂತೆ ಕೆಂಪಾಯಿತು. ವೃದ್ಧರು ಕಣ್ಣರಳಿಸಿ, ಇದೇನು ಮಾಟವೆಂದರು. ತೊಟ್ಟಿಯನ್ನು ಹಲಗೆಗಳ ಮೇಲಿಟ್ಟು, ಅಡಿಯಲ್ಲಿ ಬಿಳಿಯ ಕಾಗದ ಹಾಸಿ, ಓಕುಳಿ ಬೆರೆತ ನೀರನ್ನು ಬಾಯಿಮಟ್ಟ ತುಂಬಿದೆವು. ರಾತ್ರಿಯಲ್ಲಿ ಅವರು ಎರಡು ಸಲ ಎದ್ದು ಹೋಗಿ ಕಾಗದವನ್ನು ನೋಡಿ ಬಂದರು. ಬೆಳಗಾದಾಗಲೂ ಅದು ಬೆಳ್ಳಗೆಯೇ ಇದ್ದಿತು.

ಆದರೆ ತೊಟ್ಟಿಯು ಒಡೆದುದೇಕೆ ಎಂಬುದನ್ನು ತಿಳಿಯದೆ ತಿರುಗಿ ಏರಿಸಿದ್ದರೆ ಶ್ರಮವೆಲ್ಲವೂ ವ್ಯರ್ಥವಾಗುತ್ತಿದ್ದಿತು. ಕಾರಣಗಳು ಎರಡು ಕಂಡುಬಂದವು. ಡೆನ್ವರಿನ ಚಳಿಗಾಲದಲ್ಲಿ ಬಂಡಿಯು ಹೊರಗೆ ನಿಂತಿದ್ದಾಗ, ಕೊಳವೆಯ ಬಾಯಿಯ ತಗ್ಗಿನಲ್ಲಿ ಸ್ವಲ್ಪ ನೀರು ಉಳಿದಿದ್ದಿತು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗುತ್ತದೆ. ಪೂರ್ತಿ ಬಸಿದು, ಉಳಿದ ತಗ್ಗಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕೋಲ್ ದ್ರವವನ್ನು ಹೊಯ್ಯತಕ್ಕದ್ದು ಅಲ್ಲಿಯ ರೂಢಿ; ಚಿರಂಜೀವಿಯು ಅದನ್ನು ಅರಿಯನು. ಎರಡನೆಯದಾಗಿ, ತೊಟ್ಟಿಯ ತಳಕ್ಕೆ ಆಸರೆಯಾಗಿ ಇರಬೇಕಾದ ಹಲಗೆಯೇ ಇರಲಿಲ್ಲ. ಮೂರು ಮೂಟೆ ಭಾರವೂ ಅಂಚುಗಳ ಮೇಲೆ ಜೋತುಬಿದ್ದು, ಕೊಳವೆಯು ತೋಳಿನಂತೆ ಮೂಲೆಯನ್ನು ಜಗ್ಗುತ್ತಿದ್ದಿತು. ಅದಕ್ಕೆ ಹಲಗೆ ಕೊಟ್ಟು, ಮೇಲೆ ರಬ್ಬರು ಹಾಸಿ, ಕೊಳವೆಗೆ ಪ್ರತ್ಯೇಕ ಪಟ್ಟಿ ಕಟ್ಟಿದೆವು. ಬಚ್ಚಲ ತೊಟ್ಟಿಯನ್ನು ತುಂಬಿಸಿಕೊಂಡು ದೂರ ಓಡಿಸಕೂಡದೆಂದು ವೃದ್ಧರು ಎರಡು ಸಾರಿ ಹೇಳಿದರು.

ತೊಟ್ಟಿಯು ಎ.ಬಿ.ಎಸ್. ಆಗಿದ್ದರೆ ಇಷ್ಟು ತೊಂದರೆಯಿಲ್ಲ. ಕೊನೆಗಳಲ್ಲಿ ತೂತು ಕೊರೆದು, ಮರಳು ಕಾಗದದಿಂದ ಉಜ್ಜಿ, ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ನೆನೆಸಿ ಮಾಡಿದ ಗಟ್ಟಿ ಗೊಜ್ಜನ್ನು ಬಿರುಕಿಗೆ ತುಂಬಿ, ಬಿರುಕಿಗಿಂತ ಎಲ್ಲ ಕಡೆಗೂ ಒಂದಂಗುಲ ಅಗಲವಾದ ಎ.ಬಿ.ಎಸ್. ತೇಪೆಯನ್ನು ಅಂಟಿಸಿ, ಒಂದು ದಿನ ಬಿಟ್ಟರೆ ಆಯಿತು. ಅಸಿಟೋನ್ ಬೇಗ ಹೊತ್ತಿಕೊಳ್ಳುವುದರಿಂದ ಬಯಲಿನಲ್ಲಿಯೇ ಈ ಕೆಲಸ ಮಾಡಬೇಕು.

ಮೂರನೆಯ ದಿನ ಕೋಡಿ ಎಂಬ ಊರಿನ ಮಾರ್ಗವಾಗಿ ಯೆಲ್ಲೋಸ್ಟೋನ್ ಸೇರಿದೆವು. ಆ ಬುಗ್ಗೆಗಳ ವರ್ಣನೆಯನ್ನು ಅನೇಕರು ಮಾಡಿರುವರಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ. ಹೊರಡುವ ದಿನ ಚರಂಡಿಯ ಬಾಯಿಯ ಬಳಿ ಕೊಳವೆಯನ್ನು ಹಿಡಿಯುವ ಸರದಿಯನ್ನು ನಾವೇ ಕೇಳಿ ಪಡೆದೆವು. “ಅಪ್ಪಾ, ನೀವು ಬಿಡಿ” ಎಂದನು ಚಿರಂಜೀವಿ, ಬಿಡಲಿಲ್ಲ.

ಮೈಸೂರಿಗೆ ಮರಳಿದ ಆರು ತಿಂಗಳಿಗೆ ನಮ್ಮ ತಾರಸಿಯ ಮೇಲಿನ ನೀರಿನ ಟ್ಯಾಂಕು ಬುಡದಲ್ಲಿ ಸೀಳಿತು. ಕೊಳಾಯಿಯವನು ಬಂದು ಜೇಬಿನಿಂದ ಅಂಟಿನ ಟ್ಯೂಬನ್ನು ತೆಗೆದನು. ಸ್ವಲ್ಪ ತಾಳಪ್ಪ ಎಂದು ಹೇಳಿ ಒಂದು ಚೊಂಬು ನೀರನ್ನು ತರಿಸಿದೆವು. ಸಿಪ್ಪೆಯು ತೇಲಿತು. ಅವನು ಮತ್ತೊಂದು ಸಿಪ್ಪೆಯನ್ನು ತಾನೇ ಹೆರೆದು ಮುಳುಗಿಸಿ ನೋಡಿದನು, ಅದೂ ತೇಲಿತು. “ಅದಕ್ಕೇ ಸ್ವಾಮಿ, ನಾನು ಹಚ್ಚಿದ್ದು ಒಂದೂ ನಿಲ್ಲೋದಿಲ್ಲ” ಎಂದು ಟ್ಯೂಬನ್ನು ಜೇಬಿಗೆ ಸೇರಿಸಿ, ಪಕ್ಕದ ತಾರಸಿಯಲ್ಲಿ ಬಿದ್ದಿದ್ದ ಅದೇ ತಯಾರಿಕೆಯ ಹಳೆಯ ಟ್ಯಾಂಕಿನಿಂದ ಒಂದು ಪಟ್ಟಿ ಕೊಯ್ದುಕೊಳ್ಳಬಹುದೇ ಎಂದು ಕೇಳಲು ಆ ಮನೆಯವರ ಬಾಗಿಲಿಗೆ ಹೋದನು.